ಮಳೆಗೆ ಕಾಯುತ್ತಿದ್ದ ದುಡ್ಡು

ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು ಕಡೆಯ ಹೊಲಗಳಲ್ಲಿ ಕಡ್ಲೆಕಾಯಿ ಬೆಳೆ ಮಾತ್ರವಲ್ಲ, ಚಲಾವಣೆಯ ದುಡ್ಡೂ ಆಗಿತ್ತು. ಗಿಡ ಕಿತ್ತು ಒಕ್ಕಣೆ ಮುಗಿದ ಮೇಲೆ ಹುಡುಗರು ಸಣ್ಣ ಗುದ್ದಲಿ ಹಿಡಿದು ಹಕ್ಕಲು ಆರಿಸಲು ಹೋಗುತ್ತಿದ್ದೆವು. ಕೆಂಪು ಮಣ್ಣು ಒಣಗಿ ಗಟ್ಟಿಯಾಗಿರುತ್ತಿತ್ತು. ಒಂದೊಂದು ಕಾಯಿಗೂ ಉಗುರು ಸವೆಸಬೇಕು. ಸಂಜೆಗೆ ಲಂಗೋಟಿ ವಸ್ತ್ರದ ಗಂಟಿನಲ್ಲಿ ಒಂದು ಪಾವೋ ಅರ್ಧ ಸೇರೋ ಆಗುತ್ತಿತ್ತು. ಅದನ್ನು ಅಂಗಡಿ ಕಟ್ಟೆಯ ಮೇಲೆ ಸುರಿದರೆ ಬೆಲ್ಲ, ಬತ್ತಾಸು, ಬಳಪ, ಸೀಮೆಎಣ್ಣೆ ಯಾವುದು ಬೇಕೋ ಅದು. ಅಂಗಡಿಯವರು ಒಂದು ಕಾಯಿ ಒಡೆದು ಬೀಜ ನೋಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ನಾಣ್ಯ ಕಚ್ಚಿ ನೋಡುವ ಕಾಲ ಮುಗಿದಿದ್ದರೂ ಕಾಯಿ ಕಚ್ಚಿ ನೋಡುವುದು ನಡೆದೇ ಇತ್ತು. ಉಪ್ಪಿನವನು ಕತ್ತೆಯ ಮೇಲೆ ಮೂಟೆ ಹೇರಿಕೊಂಡು ಬಂದರೆ ರಾಗಿ ಕೊಟ್ಟು ಉಪ್ಪು ಅಳೆಸಿಕೊಳ್ಳುತ್ತಿದ್ದರು. ಮಡಕೆ ಕೊಂಡರೆ ಆ ಮಡಕೆ ತುಂಬುವಷ್ಟು ಕಾಳೇ ಅದರ ಬೆಲೆ. ರೂಪಾಯಿ ಇರಲಿಲ್ಲ ಎಂದಲ್ಲ. ಕಂದಾಯಕ್ಕೆ, ಬಟ್ಟೆಗೆ, ಪಾವಗಡದ ಆಸ್ಪತ್ರೆಗೆ, ನಾಗಲಮಡಿಕೆ ಸುಬ್ಬಪ್ಪನ ಮುಡುಪಿಗೆ ರೂಪಾಯಿ ಬೇಕಿತ್ತು. ಉಳಿದದ್ದಕ್ಕೆಲ್ಲ ಹೊಲದಲ್ಲಿ ಬಂದದ್ದೇ ಸಾಕಾಗುತ್ತಿತ್ತು.

ಇದರ ನಡುಮನೆ ಎಂದರೆ ಬೀಜದ ಸಾಲ. ಕಡ್ಲೆಕಾಯಿ ಬಿತ್ತನೆಗೆ ಎಕರೆಗೆ ಬೇಕಾಗುವ ಬೀಜ ಕಡಿಮೆಯಲ್ಲ. ಹಿಂದಿನ ವರ್ಷ ಕೈಕೊಟ್ಟಿದ್ದರೆ ಬಡವನ ಮನೆಯಲ್ಲಿ ಬೀಜದ ಕಾಯಿ ಉಳಿದಿರುವುದಿಲ್ಲ. ಆಷಾಢದ ಹೊತ್ತಿಗೆ ಎರಡು ಹದ ಮಳೆ ಬಿದ್ದ ಮರುದಿನ ಊರಿನ ದೊಡ್ಡ ರೈತರ ಮನೆಯ ಪಡಸಾಲೆಯಲ್ಲಿ ಜನ ಸೇರುತ್ತಿದ್ದರು. ಆ ಮನೆಯ ಹಿರಿಯಾಕೆಯನ್ನು ಊರೆಲ್ಲ ಪೆದ್ದವ್ವ ಎನ್ನುತ್ತಿತ್ತು. ನಮ್ಮದು ಮೂರು ದಿಕ್ಕಿಗೆ ಆಂಧ್ರ ಇರುವ ತಾಲ್ಲೂಕು. ಶಾಲೆಯಲ್ಲಿ ಕನ್ನಡ, ಜಗಲಿಯಲ್ಲಿ ತೆಲುಗು. ಪೆದ್ದವ್ವ ಅಳೆಯುವುದನ್ನು ನೋಡುವುದೇ ಒಂದು ಶಾಸ್ತ್ರ. ಮೊದಲು ಸೇರನ್ನು ಹಣೆಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳುವಳು. ಮೊದಲ ಸೇರು ಸುರಿಯುವಾಗ ಒಂದು ಎನ್ನದೆ ಲಾಭ ಎನ್ನುವಳು. ಆಮೇಲೆ ಎರಡು, ಮೂರು. ಎಡಗೈಯನ್ನು ಸೇರಿನ ಬಾಯಿಗೆ ಕಟ್ಟೆ ಮಾಡಿ ಗೋಪುರದಂತೆ ಕಾಯಿ ನಿಲ್ಲಿಸಿ, ಉದುರಿದ ಕಾಯನ್ನು ಮತ್ತೆ ಸೇರಿಗೆ ಸೇರಿಸದೆ ಸಾಲಗಾರನ ಚೀಲಕ್ಕೇ ತಳ್ಳುವಳು. ಕೊಡುವಾಗ ತಲೆಸೇರು, ವಾಪಸು ತೆಗೆದುಕೊಳ್ಳುವಾಗಲೂ ಅದೇ ತಲೆಸೇರು. ಸುಗ್ಗಿಗೆ ಒಂದಕ್ಕೆ ಒಂದೂಕಾಲು ಅಳೆಯಬೇಕು. ಕಾಗದವಿಲ್ಲ, ಹೆಬ್ಬೆಟ್ಟಿಲ್ಲ. ಪಡಸಾಲೆಯ ಗೋಡೆಗೆ ಇದ್ದಲಲ್ಲಿ ಗೀರು ಹಾಕಿದರೆ ಅದೇ ಪತ್ರ. ವರ್ಷಕ್ಕೊಮ್ಮೆ ಸುಣ್ಣ ಬಳಿಯುವ ಮುಂಚೆ ಎಲ್ಲರನ್ನೂ ಕರೆಸಿ ಗೀರು ಓದಿ ಹೇಳಿ ಆಮೇಲೆ ಬಳಿಸುತ್ತಿದ್ದಳು.

ಪಾವಗಡದಲ್ಲಿ ಮಳೆ ಕೈಕೊಡದ ವರ್ಷಗಳೇ ಕಡಿಮೆ. ಹೂವು ಬಿಟ್ಟು ಊಡು ಇಳಿಯುವ ಹೊತ್ತಿಗೆ ಮೋಡ ಮುಖ ತಿರುಗಿಸಿದರೆ ಗಿಡ ಹಸಿರಾಗಿದ್ದರೂ ಅಡಿಯಲ್ಲಿ ಏನೂ ಇರುವುದಿಲ್ಲ. ಅಂಥ ವರ್ಷ ಸುಗ್ಗಿಯಲ್ಲಿ ಸಾಲಗಾರ ಪೆದ್ದವ್ವನ ಮುಂದೆ ಟವೆಲು ಕೈಗೆ ಸುತ್ತಿಕೊಂಡು ನಿಲ್ಲುತ್ತಿದ್ದ. ಅವಳು ಕೇಳುತ್ತಿದ್ದುದು ಕಾಯಿ ಎಷ್ಟಾಯಿತು ಎಂದಲ್ಲ, ಮೇವು ಎಷ್ಟು ಉಳಿದಿದೆ ಎಂದು. ಅದಕ್ಕಿಂತ ಮುಂಚೆಯೇ ಆತನ ಹೊಲದ ಬದುವಿನಲ್ಲಿ ನಡೆದು, ಒಂದೆರಡು ಗಿಡ ಕಿತ್ತು ನೋಡಿ ಬಂದಿರುತ್ತಿದ್ದಳು. ಕೊನೆಗೆ ಹೇಳುತ್ತಿದ್ದುದು ಒಂದೇ ಮಾತು: "ವಾನ ರಾನೀ ಲೇ, ಚೂಸುಕುಂದಾಂ." ಮಳೆ ಬರಲಿ ಬಿಡು, ನೋಡಿಕೊಳ್ಳೋಣ. ಗೀರು ಹಾಗೇ ಉಳಿಯುತ್ತಿತ್ತು, ಕಾಲು ಸೇರಿನ ಬಡ್ಡಿಯ ಮೇಲೆ ಮತ್ತೊಂದು ಕಾಲು ಏರುತ್ತಿರಲಿಲ್ಲ. ಮುಂದಿನ ಆಷಾಢಕ್ಕೆ ಅದೇ ಮನುಷ್ಯನಿಗೆ ಮತ್ತೆ ಬೀಜ ಅಳೆದು ಕೊಡುತ್ತಿದ್ದಳು. ಕೊಡದಿದ್ದರೆ ಹಳೆಯದೂ ಹುಟ್ಟುವುದಿಲ್ಲ ಎಂಬ ಲೆಕ್ಕ ಅದರಲ್ಲಿ ಇತ್ತು. ನಾಳೆ ಬೆಳಿಗ್ಗೆ ಬಾವಿಯ ಹತ್ತಿರ ಅವನ ಹೆಂಡತಿಯ ಮುಖ ನೋಡಬೇಕಲ್ಲ ಎಂಬುದೂ ಇತ್ತು.

ಇದನ್ನು ಸತ್ಯಯುಗ ಎಂದು ಹೇಳುವ ಹಕ್ಕು ನನಗಿಲ್ಲ. ಪಡಸಾಲೆಯ ಒಳಗೆ ಕೂತು ಅಳೆಸಿಕೊಂಡವರು ಯಾರು, ಹೊರಗೆ ನಿಂತು ಚೀಲ ಒಡ್ಡಿದವರು ಯಾರು ಎಂಬುದು ಎಲ್ಲರಿಗೂ ಗೊತ್ತು. ಎಲ್ಲ ಮನೆಯಲ್ಲೂ ಪೆದ್ದವ್ವ ಇರಲಿಲ್ಲ. ಒಂದು ಖಂಡುಗ ರಾಗಿಯ ಸಾಲಕ್ಕೆ ಮಗನನ್ನು ವರ್ಷಗಟ್ಟಲೆ ದನ ಕಾಯಲು ಬಿಟ್ಟ ಮನೆಗಳು ಈ ಸೀಮೆಯಲ್ಲಿದ್ದವು. 1976ರಲ್ಲಿ ಜೀತ ಪದ್ಧತಿ ರದ್ದತಿಯ ಕಾಯ್ದೆ ಬಂದದ್ದು ಅವರ ಪಾಲಿಗೆ ಮಳೆಗಿಂತ ದೊಡ್ಡದು. ಸಾಲ ಕೊಟ್ಟವನ ಮರ್ಜಿಯ ಮೇಲೆ ಬದುಕುವುದು ಹೇಗಿರುತ್ತದೆ ಎಂದು ಅವರನ್ನೇ ಕೇಳಬೇಕು. ಆ ಕಾಲ ಹಾಗೇ ಮರಳಿ ಬರಲಿ ಎಂದು ನಾನು ಬಯಸುವುದಿಲ್ಲ. ನನ್ನ ಸಂಕಟ ಅದರಲ್ಲಿ ಒಂದೇ ಒಂದು ಗುಣದ ಬಗ್ಗೆ. ಆ ದುಡ್ಡಿಗೆ ಬರ ಯಾವುದು ಎಂದು ಗೊತ್ತಿತ್ತು, ಕಾಯಲು ಬರುತ್ತಿತ್ತು.

ಕಡ್ಲೆಕಾಯಿಯ ಚಲಾವಣೆ ಮೆಲ್ಲಗೆ ಸವೆಯುತ್ತ ಬಂದಿತ್ತು. ಪೂರ್ತಿ ನಿಂತದ್ದು ಸೋಲಾರ್ ಬಂದ ಮೇಲೆ. ತಿರುಮಣಿ, ವಳ್ಳೂರು, ಬಾಲಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು, ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಪಾರ್ಕು ಎದ್ದಿತು. 2018ರ ಮಾರ್ಚ್ 1ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಉದ್ಘಾಟಿಸಿದರು. ಭೂಮಿಯನ್ನು ಕಿತ್ತುಕೊಳ್ಳಲಿಲ್ಲ, ಗುತ್ತಿಗೆಗೆ ಪಡೆದರು. ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದು ಏರಿಕೆ, 28 ವರ್ಷದ ಕರಾರು. ಬೆಳೆ ನಂಬಿ ಕೈಸುಟ್ಟುಕೊಂಡಿದ್ದ ರೈತನಿಗೆ ಇದು ದೊಡ್ಡ ನೆಮ್ಮದಿ, ಅದನ್ನು ಅಲ್ಲಗಳೆಯಬಾರದು. ಮಗಳ ಮದುವೆಯಾಯಿತು, ಹಂಚಿನ ಮನೆಗೆ ತಾರಸಿ ಬಂತು. ಆದರೆ ಗುತ್ತಿಗೆ ಬಂದದ್ದು ಪಹಣಿಯಲ್ಲಿ ಹೆಸರಿದ್ದವರಿಗೆ. ಕಾಯಿ ಬಿಡಿಸುತ್ತಿದ್ದ, ಕಳೆ ತೆಗೆಯುತ್ತಿದ್ದ, ಹಕ್ಕಲು ಆರಿಸುತ್ತಿದ್ದ ಹೆಂಗಸರ ಹೆಸರು ಯಾವ ಪಹಣಿಯಲ್ಲಿತ್ತು? ಕುರಿಯವರ ಮೇವಿನ ಹಾದಿಗೆ ತಂತಿಬೇಲಿ ಅಡ್ಡ ಬಂತು. ಮುಯ್ಯಾಳು ಅಂತ ಒಂದಿತ್ತು, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಹೊಲವೇ ಇಲ್ಲದ ಮೇಲೆ ಆ ಮುಯ್ಯಿ ಯಾರಿಗೆ ತೀರಿಸುವುದು? ಈಗ ಟೀ ಅಂಗಡಿಯಲ್ಲಿ ಫೋನು ಒಡ್ಡಿದರೆ ಡಬ್ಬಿ ತಾನೇ ಕೂಗಿ ಹೇಳುತ್ತದೆ, ಹತ್ತು ರೂಪಾಯಿ ಬಂತು ಎಂದು.

ಹಬ್ಬಕ್ಕೆ ಊರಿಗೆ ಬಂದಿದ್ದ ಅಕ್ಕನ ಮಗ ಆ ಅಂಗಡಿಯ ಬೆಂಚಿನ ಮೇಲೆಯೇ ತನ್ನ ಫೋನು ತೋರಿಸಿದ. ಬೆಂಗಳೂರಿನಲ್ಲಿ ಕೆಲಸ, ಜಾಣ ಹುಡುಗ, ಊರಿನ ಮೇಲೆ ಪ್ರೀತಿ ಇಟ್ಟುಕೊಂಡವನು. "ಮಾವ, ಇದು ಬಿಟ್‌ಕಾಯಿನ್. ಇನ್ನು ಸ್ವಲ್ಪ ವರ್ಷಕ್ಕೆ ಡಾಲರೂ ಇರಲ್ಲ, ರೂಪಾಯಿನೂ ಇರಲ್ಲ. ಪ್ರಪಂಚಕ್ಕೆಲ್ಲ ಒಂದೇ ದುಡ್ಡು. ಯಾರೂ ಯಾರನ್ನೂ ನಂಬಬೇಕಾಗಿಲ್ಲ" ಎಂದ. ಅವನ ಬಳಿ ಗಟ್ಟಿ ವಾದವೂ ಇತ್ತು. 2016ರ ನವೆಂಬರ್ 8ರ ರಾತ್ರಿ 500, 1,000ದ ನೋಟು ರದ್ದಾದಾಗ ಅವನ ಅಜ್ಜಿ ಎಲೆಅಡಿಕೆ ಸಂಚಿಯಲ್ಲಿ ಮಡಿಚಿಟ್ಟಿದ್ದನ್ನು ಹಿಡಿದು ಬಿಸಿಲಲ್ಲಿ ಸಾಲು ನಿಂತದ್ದನ್ನು ಅವನು ಮರೆತಿಲ್ಲ. ಬಿಟ್‌ಕಾಯಿನ್ನನ್ನು ಯಾವ ಸರ್ಕಾರವೂ ಒಂದು ರಾತ್ರಿಯಲ್ಲಿ ರದ್ದು ಮಾಡಲಾಗದು ಎನ್ನುತ್ತಾನೆ. ದುಬೈಯಲ್ಲಿರುವ ಗೆಳೆಯ ಮನೆಗೆ ಹಣ ಕಳಿಸಿದರೆ ನಡುವೆ ಕಮಿಷನ್ ತಿನ್ನುವವರು ಇರುವುದಿಲ್ಲ ಎನ್ನುತ್ತಾನೆ. ಎರಡನ್ನೂ ನಾನು ಹಗುರವಾಗಿ ಕಾಣುವುದಿಲ್ಲ.

ಅವನು ಹೇಳುವ ಕಾಲ ಬರುತ್ತದೋ ಇಲ್ಲವೋ. 2008ರ ಅಕ್ಟೋಬರಿನಲ್ಲಿ ಸತೋಶಿ ನಕಮೊಟೊ ಎಂಬ ಹೆಸರಿನಲ್ಲಿ ಬಂದ ಒಂದು ಪ್ರಬಂಧದಿಂದ ಹುಟ್ಟಿದ ನಾಣ್ಯ ಇದು. 2010ರ ಮೇ ತಿಂಗಳಲ್ಲಿ ಅಮೆರಿಕದ ಒಬ್ಬ 10,000 ಬಿಟ್‌ಕಾಯಿನ್ ಕೊಟ್ಟು ಎರಡು ಪಿಜ್ಜಾ ತಿಂದ. 2024ರ ಡಿಸೆಂಬರಿನಲ್ಲಿ ಒಂದೇ ಒಂದು ಬಿಟ್‌ಕಾಯಿನ್ ಒಂದು ಲಕ್ಷ ಡಾಲರ್ ದಾಟಿತು. ಹೀಗೆ ಏರುವುದನ್ನು ಜನ ಕೂಡಿಡುತ್ತಾರೆಯೇ ಹೊರತು ಉಪ್ಪು ಕೊಳ್ಳಲು ಬಿಚ್ಚುವುದಿಲ್ಲ. ಎಲ್ ಸಾಲ್ವಡೋರ್ 2021ರ ಸೆಪ್ಟೆಂಬರಿನಲ್ಲಿ ಅದನ್ನು ದೇಶದ ಅಧಿಕೃತ ಹಣ ಮಾಡಿತು, ತೆಗೆದುಕೊಂಡವರಿಗೆ 30 ಡಾಲರ್ ಬೆಲೆಯಷ್ಟು ಉಚಿತವಾಗಿಯೂ ಕೊಟ್ಟಿತು. 2025ರ ಜನವರಿಯಲ್ಲಿ ಕಾನೂನು ತಿದ್ದಿ, ಅಂಗಡಿಯವರು ಅದನ್ನು ಕಡ್ಡಾಯವಾಗಿ ತೆಗೆದುಕೊಳ್ಳಬೇಕೆಂಬ ನಿಯಮ ಕೈಬಿಟ್ಟಿತು. ನಮ್ಮಲ್ಲಿ 2018ರಲ್ಲಿ ರಿಸರ್ವ್ ಬ್ಯಾಂಕು ಇದರ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತ್ತು. 2020ರ ಮಾರ್ಚ್ 4ರಂದು ಸುಪ್ರೀಂ ಕೋರ್ಟು ಆ ಸುತ್ತೋಲೆಯನ್ನು ರದ್ದು ಮಾಡಿತು. 2022ರಿಂದ ಲಾಭದ ಮೇಲೆ ನೂರಕ್ಕೆ 30 ತೆರಿಗೆ ಇದೆ. ದೂರದ ಮಾತೇನೂ ಅಲ್ಲ ಇದು. ಬಿಟ್‌ಕಾಯಿನ್ ಕಳುವಾಯಿತೆಂದು ನಮ್ಮ ಜಿಲ್ಲಾ ಕೇಂದ್ರ ತುಮಕೂರಿನ ಪೊಲೀಸ್ ಠಾಣೆಯಲ್ಲಿ 2017ರಲ್ಲೇ ದೂರು ದಾಖಲಾಗಿತ್ತು.

ಈ ನಾಣ್ಯವನ್ನು ಟಂಕಿಸುವುದು ಕರೆಂಟಿನಿಂದ ಎಂದು ಹುಡುಗ ವಿವರಿಸಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ಪ್ರಪಂಚದ ಉದ್ದಗಲಕ್ಕೂ ಯಂತ್ರಗಳು ಹಗಲೂ ರಾತ್ರಿ ಒಂದು ಸಂಖ್ಯೆಯನ್ನು ಊಹಿಸುತ್ತ ಕೂತಿರುತ್ತವೆ. ಸುಮಾರು ಹತ್ತು ನಿಮಿಷಕ್ಕೊಮ್ಮೆ ಯಾವುದೋ ಒಂದು ಯಂತ್ರಕ್ಕೆ ಅದು ಸಿಗುತ್ತದೆ, ಅದರ ಒಡೆಯನಿಗೆ ಹೊಸ ನಾಣ್ಯ ಸಲ್ಲುತ್ತದೆ. ಮೊದಲು 50 ಸಲ್ಲುತ್ತಿತ್ತು, ನಾಲ್ಕು ವರ್ಷಕ್ಕೊಮ್ಮೆ ಅರ್ಧವಾಗುತ್ತ 2024ರ ಏಪ್ರಿಲಿನಿಂದ 3.125ಕ್ಕೆ ಇಳಿದಿದೆ. ಇದಕ್ಕೆ ಸುಡುವ ವಿದ್ಯುತ್ತು 2023ರಲ್ಲಿ ಹತ್ತಿರ ಹತ್ತಿರ 12,000 ಕೋಟಿ ಯೂನಿಟ್ ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದವರ ಅಂದಾಜು. ನಮ್ಮ ಐದೂರಿನ ಪಾರ್ಕು ವರ್ಷವೆಲ್ಲ ಕೊಡುವ ಕರೆಂಟು ಅದರ ಒಂದು ಸಣ್ಣ ಮೂಲೆಗಷ್ಟೇ ಸಾಕು, ಇಂಥ ಪಾರ್ಕುಗಳು ಇಪ್ಪತ್ತಕ್ಕೂ ಮೇಲೆ ಬೇಕು. ಇದೇ ಬಿಸಿಲು, ಇದೇ ನೆಲ. ಒಂದು ಕಾಲದಲ್ಲಿ ಇವು ಕಡ್ಲೆಕಾಯಿ ಎಂಬ ದುಡ್ಡು ಕೊಡುತ್ತಿದ್ದವು. ಹಸಿದರೆ ಅದನ್ನು ಹುರಿದು ತಿನ್ನಬಹುದಿತ್ತು.

ಒಂದು ನಾಣ್ಯ ಹೋಗಿ ಇನ್ನೊಂದು ಬರುವುದು ಹೊಸತಲ್ಲ. ಬ್ರಿಟಿಷ್ ಪ್ರವಾಸಿ ಬುಕಾನನ್ 1800ರಲ್ಲಿ ಮಧುಗಿರಿ, ಶಿರಾ ಸೀಮೆ ಹಾದುಹೋದಾಗ ಬೆಲೆಗಳನ್ನು ಕಂಠೀರಾಯ ಪಣದಲ್ಲಿ ಬರೆದುಕೊಂಡ. ಬೆರಳ ತುದಿಗೆ ಅಂಟಿಕೊಂಡರೆ ಕಾಣದಷ್ಟು ಪುಟ್ಟ ಚಿನ್ನದ ಬಿಲ್ಲೆ ಅದು. ಕಲಬುರಗಿ, ರಾಯಚೂರು, ಬೀದರದ ಜನ ನಿಜಾಮರ ಹಾಲಿ ಸಿಕ್ಕಾ ಬಿಟ್ಟು ಭಾರತದ ರೂಪಾಯಿಗೆ ಬಂದಾಗ ಏಳಕ್ಕೆ ಆರರ ಲೆಕ್ಕ ಕಲಿತರು. 1957ರ ಏಪ್ರಿಲ್ 1ಕ್ಕೆ ಹದಿನಾರು ಆಣೆಯ ರೂಪಾಯಿ ನೂರು ನಯಾ ಪೈಸೆಯಾಯಿತು. ನಾಲ್ಕಾಣೆ 2011ರ ಜೂನ್ ಕೊನೆಗೆ ತನ್ನ ಚಲಾವಣೆ ಮುಗಿಸಿತು. ಇವೆಲ್ಲ ಹೋದಾಗ ಯಾರೂ ಎದೆ ಬಡಿದುಕೊಳ್ಳಲಿಲ್ಲ, ಬಡಿದುಕೊಳ್ಳುವ ಕಾರಣವೂ ಇರಲಿಲ್ಲ. ಬಿಲ್ಲೆ ಬದಲಾದರೂ ಅದರ ಹಿಂದೆ ಒಬ್ಬ ಮನುಷ್ಯನೋ ಒಂದು ಕಚೇರಿಯೋ ಇತ್ತು. ಬೈಯಬಹುದಿತ್ತು, ಅರ್ಜಿ ಹಾಕಬಹುದಿತ್ತು, ಕೆಲವು ಸಲ ಕೇಳಿಸಿಕೊಂಡದ್ದೂ ಉಂಟು. 2020ರ ಮಾರ್ಚಿನಲ್ಲಿ ಊರುಗಳೆಲ್ಲ ಬಾಗಿಲು ಹಾಕಿಕೊಂಡಾಗ ರಿಸರ್ವ್ ಬ್ಯಾಂಕು ಸಾಲದ ಕಂತುಗಳನ್ನು ಮುಂದೂಡಲು ಅವಕಾಶ ಕೊಟ್ಟಿತು. ಪಡಸಾಲೆಯ ಮಾತನ್ನೇ ಅಂದು ಮುಂಬೈಯ ದೊಡ್ಡ ಕಟ್ಟಡವೂ ಆಡಿತು.

ಬಿಟ್‌ಕಾಯಿನ್ ಒಟ್ಟು 2 ಕೋಟಿ 10 ಲಕ್ಷ. ಅದಕ್ಕಿಂತ ಒಂದೂ ಹೆಚ್ಚು ಹುಟ್ಟುವುದಿಲ್ಲ. ಯಾರ ಕೈಗೂ ಸಿಗದ ಈ ಬಿಗಿತವೇ ಅದರ ಶಕ್ತಿ ಎನ್ನುತ್ತಾನೆ ಹುಡುಗ. ಆಳುವವರ ಕೈಗೆ ಹಣದ ಬೀಗದ ಕೈ ಕೊಡಬಾರದೆಂಬ ಆತಂಕ ಹಳೆಯದು, ಗೌರವಕ್ಕೆ ತಕ್ಕದ್ದು. ಡಾ. ಅಂಬೇಡ್ಕರ್ 1923ರಲ್ಲಿ ಪ್ರಕಟಿಸಿದ 'ದಿ ಪ್ರಾಬ್ಲಮ್ ಆಫ್ ದಿ ರುಪೀ'ಯಲ್ಲಿ ರೂಪಾಯಿಯ ಟಂಕಸಾಲೆಗೆ ಕಟ್ಟುನಿಟ್ಟಿನ ಮಿತಿ ಬೇಕೆಂದೇ ವಾದಿಸಿದರು. ರೂಪಾಯಿಯ ಬೆಲೆ ಕುಸಿದರೆ ಮೊದಲು ಸಾಯುವವನು ಕೂಲಿಯವನು ಎಂಬುದು ಅವರಿಗೆ ಗೊತ್ತಿತ್ತು. ಹಾಗೆಂದು ಜಗ್ಗದ ಹಣ ಹಳ್ಳಿಗೆ ಏನು ಮಾಡುತ್ತದೆ ಎಂಬುದನ್ನೂ ಈ ದೇಶ ಕಂಡಿದೆ. 1927ರಲ್ಲಿ ಬ್ರಿಟಿಷರು ರೂಪಾಯಿಯನ್ನು 18 ಪೆನ್ಸಿನ ಗೂಟಕ್ಕೆ ಬಿಗಿದರು. 1929ರ ನಂತರ ಪ್ರಪಂಚವೆಲ್ಲ ಮುಗ್ಗರಿಸಿ ಹತ್ತಿ, ಕಡ್ಲೆಕಾಯಿ, ಭತ್ತ ಎಲ್ಲದರ ಬೆಲೆ ನೆಲಕಚ್ಚಿದಾಗಲೂ ಗೂಟ ಸಡಿಲಿಸಲಿಲ್ಲ. ಬೆಳೆದದ್ದಕ್ಕೆ ಅರ್ಧ ಬೆಲೆ, ಸಾಲ ಮತ್ತು ಕಂದಾಯ ಮಾತ್ರ ಹಳೆಯ ಅಂಕಿಯಲ್ಲೇ. 1931ರಿಂದಾಚೆಗೆ ಹಳ್ಳಿಗಳ ಒಡವೆಗಳು ಕರಗಿ ಗಟ್ಟಿಯಾಗಿ ಹಡಗು ಹತ್ತಿ ಲಂಡನ್ನಿಗೆ ಹೋದವು. ಆ ಮೂಗುತಿ, ಓಲೆಗಳು ಯಾವ ಊರಿನ ಯಾವ ಅಜ್ಜಿಯದು ಎಂದು ಯಾರೂ ಬರೆದಿಡಲಿಲ್ಲ. ಇಡೀ ಭೂಮಿಗೆ ಒಂದೇ ಗೂಟ ಹೊಡೆದು ಅದನ್ನು ಅಲುಗಿಸಲು ಯಾರಿಗೂ ಅಧಿಕಾರ ಕೊಡದಿದ್ದರೆ, ನಾಗಲಮಡಿಕೆ ಹೋಬಳಿಯಲ್ಲಿ ಮಳೆ ತಪ್ಪಿತೆಂಬುದು ಯಾರ ಕಿವಿಗೆ ಬೀಳಬೇಕು?

ಕಾಯದ ದುಡ್ಡಿಗೆ ನಾವು ಆಗಲೇ ಪಳಗುತ್ತಿದ್ದೇವೆ. ಹಕ್ಕಲು, ಕಳೆ, ಕಾಯಿ ಬಿಡಿಸುವ ಕೆಲಸ ಹೋದ ಹೆಂಗಸರ ಮನೆಬಾಗಿಲಿಗೆ ವಾರದ ಕಂತಿನ ಸಾಲ ಬಂತು. ಕೊಡುವಾಗ ನಗುನಗುತ್ತ ಗುಂಪು ಮಾಡಿಸುತ್ತಾರೆ. ಒಂದು ವಾರ ತಪ್ಪಿದರೆ ಗುಂಪಿನವರನ್ನೇ ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಾರೆ. ಆಡಿಕೊಳ್ಳುವವರ ಮುಂದೆ ತಲೆ ಎತ್ತಲಾರದೆ ರಾಜ್ಯದಲ್ಲಿ ಊರು ಬಿಟ್ಟವರಿದ್ದಾರೆ, ಜೀವ ಬಿಟ್ಟವರಿದ್ದಾರೆ. 2025ರ ಫೆಬ್ರುವರಿಯಲ್ಲಿ ಸರ್ಕಾರ ಕಿರುಸಾಲ ವಸೂಲಿಯ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಆ ವಸೂಲಿಗಾರನಿಗಾದರೂ ಒಂದು ಮುಖವಿದೆ, ಅವನ ಮೇಲೆ ದೂರು ಕೊಡಬಹುದು. ಹುಡುಗ ಫೋನಿನಲ್ಲಿ ತೋರಿಸಿದ ಕ್ರಿಪ್ಟೋ ಸಾಲದಲ್ಲಿ ಅದೂ ಇಲ್ಲ. ಅಡವಿಟ್ಟ ನಾಣ್ಯದ ಬೆಲೆ ಗೆರೆಗಿಂತ ಕೆಳಗಿಳಿದ ಕ್ಷಣ ಪ್ರೋಗ್ರಾಮು ತಾನೇ ಅದನ್ನು ಮಾರಿಬಿಡುತ್ತದೆ. ನಡುರಾತ್ರಿಯಾದರೂ ಸರಿ, ಮನೆಯಲ್ಲಿ ಸಾವಾಗಿದ್ದರೂ ಸರಿ. ಅದರ ಮುಂದೆ ಟವೆಲು ಕೈಗೆ ಸುತ್ತಿಕೊಂಡು ನಿಲ್ಲಲು ಒಂದು ಜಾಗವಿಲ್ಲ.

"ಮಳೆಯ ಲೆಕ್ಕವನ್ನೂ ಅದರೊಳಗೆ ಸೇರಿಸಬಹುದು ಮಾವ" ಎಂದ ಹುಡುಗ. ಸೋಲಲು ಇಷ್ಟವಿಲ್ಲದೆ ಹೇಳಿದ ಮಾತಲ್ಲ ಅದು, ಯೋಚಿಸಿಯೇ ಹೇಳಿದ. ಪಂಚಾಯ್ತಿಗೊಂದು ಮಳೆಮಾಪಕ ಇದೆ, ಅದರ ಅಂಕಿ ನೇರವಾಗಿ ಪ್ರೋಗ್ರಾಮಿಗೆ ಹೋಗಲಿ, ಇಷ್ಟು ಮಿಲಿಮೀಟರಿಗಿಂತ ಕಡಿಮೆ ಬಿದ್ದರೆ ಕಂತು ತಾನೇ ಮುಂದಕ್ಕೆ ಹೋಗಲಿ. ಬೆಳೆ ವಿಮೆಯಲ್ಲಿ ಹವಾಮಾನದ ಅಂಕಿ ನೋಡಿ ಪರಿಹಾರ ಕೊಡುವ ಪದ್ಧತಿ ಇದ್ದೇ ಇದೆಯಲ್ಲ ಎಂದ. ನನಗೆ ಅವನ ಮೇಲೆ ಅಭಿಮಾನವೇ ಉಕ್ಕಿತು. ಈ ಪೀಳಿಗೆಯ ಹುಡುಗರು ಇಂಥದನ್ನು ಬರೆದರೆ ಬರೆಯಲಿ, ಬರೆಯಬೇಕು.

ಆದರೂ ಅವನಿಗೆ ಹೇಳಿದೆ. ಪಂಚಾಯ್ತಿ ಕಚೇರಿಯ ಮಾಡಿನ ಮೇಲೆ ಮಳೆ ಬಿದ್ದು ಎರಡು ಹೊಲ ಆಚೆಗೆ ಒಂದು ಹನಿಯೂ ಬೀಳದ ದಿನಗಳು ನಮ್ಮಲ್ಲಿ ಎಷ್ಟೋ. ಮಳೆ ಸರಿಯಾಗಿ ಬಿದ್ದ ವರ್ಷವೇ ಎತ್ತು ಸತ್ತು ಕೂರಿಗೆ ಹೂಡಲಾಗದವರು ಇದ್ದರು. ಬೆಳೆ ಕೈಗೆ ಬಂದರೂ ಮಗುವಿನ ಕಾಯಿಲೆಗೆ ಸುಗ್ಗಿಯನ್ನೆಲ್ಲ ಸುರಿದವರು ಇದ್ದರು. ಪೆದ್ದವ್ವ ಅವರೆಲ್ಲರಿಗೂ ಆ ಒಂದೇ ಮಾತು ಹೇಳಿದ್ದನ್ನು ನಾನು ಕಂಡಿದ್ದೇನೆ. ಮಳೆ ಅವಳಿಗೆ ಒಂದು ನೆಪವಾಗಿತ್ತು. ಮನೆಯ ಕಷ್ಟವನ್ನು ಹತ್ತು ಜನರ ಮುಂದೆ ಬಿಡಿಸಿ ಹೇಳಿಸದೆ, ಸಾಲಗಾರನ ಮಾನ ಉಳಿಸಿ ವಾಯಿದೆ ಕೊಡಲು ಮಳೆಯ ಹೆಸರು ಹೇಳುತ್ತಿದ್ದಳು. ಹುಡುಗ ಬಹಳ ಹೊತ್ತು ಯೋಚಿಸಿ, ಅದನ್ನು ಬರೆಯಲು ತನಗೆ ಬರುವುದಿಲ್ಲ ಎಂದ.